ಊಹೆಯ ರಿಪೇರಿ

ಅರಸೀಕೆರೆಯ ಮಾರುಕಟ್ಟೆಗೆ ಕೊಬ್ಬರಿಯನ್ನೂ, ಬೇಲೂರು ಹಳೇಬೀಡುಗಳ ಹೊಲಗಳಿಂದ ಶುಂಠಿ ತರಕಾರಿಗಳನ್ನೂ ಸಾಗಿಸುವ ಭಾರವು ಇಂದು ಬಹುಮಟ್ಟಿಗೆ ಪಿಕಪ್ ಗಾಡಿಗಳ ಮೇಲೆ ಬಿದ್ದಿರುವುದು. ಇವುಗಳಲ್ಲಿ ಹತ್ತು ಹದಿನೈದು ವರ್ಷ ದುಡಿದು ಹಣ್ಣಾದವು ಕಡಮೆಯಲ್ಲ. ಎಂಜಿನು ಗಟ್ಟಿಯಾಗಿದ್ದರೂ ನಸುಕಿನಲ್ಲಿ ಗಾಡಿ ಹೊರಡದು. ಮಾಲೀಕನು ಸಾಲ ತಂದು ಹೊಸ ಬ್ಯಾಟರಿ ಹಾಕಿಸುತ್ತಾನೆ. ತಿಂಗಳೊಪ್ಪತ್ತಿನಲ್ಲಿ ಅದೂ ಸೋಲುತ್ತದೆ. ಆಮೇಲೆ ಆಲ್ಟರ್ನೇಟರಿನ ಸರದಿ, ಅನಂತರ ಸೆಲ್ಫ್ ಮೋಟಾರಿನದು. ದೋಷವು ಮಾತ್ರ ಇದ್ದಲ್ಲಿಯೇ ಇರುತ್ತದೆ. ಅಳೆಯದೆ ಬದಲಾಯಿಸುವ ಈ ಪದ್ಧತಿಯು ಅಲ್ಪ ಬಂಡವಾಳದ ಮಾಲೀಕರನ್ನು ಮುಳುಗಿಸುತ್ತಿರುವುದೆಂದು ನಾವು ವಿಷಾದದಿಂದ ಹೇಳಬೇಕಾಗಿದೆ.

1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳವರೆಗೆ ವಿದ್ಯುಚ್ಛಕ್ತಿಯನ್ನು ಸಾಗಿಸಿದ ನಾಡು ನಮ್ಮದು. ಇಲ್ಲಿ ಹನ್ನೆರಡು ವೋಲ್ಟಿನ ಒಂದು ಮಾರು ತಂತಿಯನ್ನು ಅಳೆದು ನೋಡುವ ತಾಳ್ಮೆ ಇಲ್ಲವೆಂದರೆ ಸೋಜಿಗವಲ್ಲವೆ?

ಮೋಟಾರು ಗಾಡಿಯಲ್ಲಿ ವಿದ್ಯುತ್ತು ತಂತಿಯಿಂದ ಹೋಗಿ, ಗಾಡಿಯ ಕಬ್ಬಿಣದ ಮೈಯ ಮೂಲಕ ಬ್ಯಾಟರಿಗೆ ಹಿಂದಿರುಗುವುದು. ಈ ಹಿಂದಿರುಗುವ ಹಾದಿಗೆ ಅರ್ತ್ ಎಂದು ಹೆಸರು. ಬೇಲೂರಿನ ಕಡೆಯ ಮಳೆಯಲ್ಲಿ ನೆನೆದು, ಅರಸೀಕೆರೆಯ ಕಡೆಯ ಧೂಳಿನಲ್ಲಿ ಒಣಗುವ ಗಾಡಿಯಲ್ಲಿ ಮೊದಲು ಕೆಡುವುದು ಈ ಅರ್ತ್ ತಂತಿಯ ಬೋಲ್ಟುಗಳೇ. ಬ್ರೇಕು ತುಳಿದೊಡನೆ ಹಿಂದಿನ ಬೇರೊಂದು ದೀಪ ಮಂಕಾದರೆ, ಇಂಡಿಕೇಟರ್ ಹಾಕಿದಾಗ ಬೇರಾವುದೋ ದೀಪ ಮಿನುಗಿದರೆ, ಬಲ್ಬುಗಳನ್ನು ದೂರುವ ಮೊದಲು ಅರ್ತನ್ನು ನೋಡತಕ್ಕದ್ದು.

ಪರೀಕ್ಷೆಯು ಕಠಿಣವಲ್ಲ. ರಾತ್ರಿಯೆಲ್ಲ ನಿಂತ ಗಾಡಿಯ ಪೂರ್ಣ ಬ್ಯಾಟರಿಯು ಸುಮಾರು 12.6 ವೋಲ್ಟು ತೋರಿಸಬೇಕು. ಎಂಜಿನು ಓಡುವಾಗ ಅದು 14ರ ಆಸುಪಾಸಿಗೆ ಏರಬೇಕು. ಏರದಿದ್ದರೆ ಬೆಲ್ಟನ್ನೂ ತಂತಿಯ ಕೀಲುಗಳನ್ನೂ ಮೊದಲು ನೋಡಿ, ಆಮೇಲೆ ಆಲ್ಟರ್ನೇಟರನ್ನು ಶಂಕಿಸಬೇಕು. ಎರಡೂ ಸರಿಯಿದ್ದು ಸೆಲ್ಫ್ ಮಾತ್ರ ನರಳಿದರೆ, ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಮತ್ತೊಂದನ್ನು ಎಂಜಿನಿನ ಮೈಗೂ ಹಿಡಿದು ಸೆಲ್ಫ್ ಹೊಡೆಯಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಅರ್ತ್ ಹಾದಿ ಕೆಟ್ಟಿದೆಯೆಂದು ನಿಶ್ಚಯ. ಇದಕ್ಕೆ ಬೇಕಾದ ಮದ್ದು ಉಪ್ಪುಕಾಗದ ಮತ್ತು ಸ್ಪ್ಯಾನರು! ಗಾಡಿ ನಿಂತಿದ್ದಾಗಲೇ ಬ್ಯಾಟರಿ ಬರಿದಾಗುತ್ತಿದ್ದರೆ, ಮೈನಸ್ ತಂತಿಯ ಹಾದಿಯಲ್ಲಿ ಮೀಟರನ್ನು ಆಂಪಿಯರ್ ಅಳತೆಗೆ ಜೋಡಿಸಿ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯಬೇಕು. ಯಾವುದನ್ನು ತೆಗೆದಾಗ ಸೋರಿಕೆ ಇಳಿಯುವುದೋ ದೋಷ ಆ ಸಾಲಿನಲ್ಲಿದೆ. ಆಗ ಸೆಲ್ಫ್ ಮಾತ್ರ ಹೊಡೆಯಕೂಡದು, ಮೀಟರೇ ಸುಟ್ಟೀತು.

ಎಂಜಿನು ಓಡುತ್ತಿರುವಾಗ ಬ್ಯಾಟರಿಯ ತಂತಿ ಕಿತ್ತು ನೋಡುವ ಪರೀಕ್ಷೆಯೊಂದು ಕೆಲವು ಗ್ಯಾರೇಜುಗಳಲ್ಲಿ ಇನ್ನೂ ಉಳಿದಿದೆ. ಹಿಂದಿನ ಡೈನಮೋಗಳ ಕಾಲಕ್ಕೆ ಅದು ಸಾಗಿತೇನೋ. ಆಲ್ಟರ್ನೇಟರಿನಲ್ಲಿ ವೋಲ್ಟೇಜು ಒಮ್ಮೆಲೇ ಏರಿ ಡಯೋಡುಗಳು ಸುಡುವ ಸಂಭವವುಂಟು. ಪದೇಪದೇ ಸುಡುವ ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿ ಸುತ್ತುವುದಂತೂ ಸರ್ವಥಾ ನಿಷಿದ್ಧ. ಫ್ಯೂಸು ಸುಡದಿದ್ದರೆ ಗಾಡಿಯೇ ಸುಡುವುದು.

ತಪ್ಪೆಲ್ಲ ಕೆಲಸಗಾರರದೆಂದು ನಾವು ಹೇಳಲಾರೆವು. ಒಂದು ಗಂಟೆ ಹುಡುಕಿ ಬೋಲ್ಟು ಉಜ್ಜಿದವನಿಗೆ ನೂರು ರೂಪಾಯಿ ಕೊಡಲು ಚೌಕಾಸಿ ಮಾಡುವ ಮಾಲೀಕರೇ ಹೊಸ ಬ್ಯಾಟರಿಗೆ ಸಾವಿರಗಟ್ಟಲೆ ಎಣಿಸುತ್ತಾರೆ. ಹುಡುಕುವ ವಿದ್ಯೆಗೆ ಕೂಲಿಯಿಲ್ಲದಿದ್ದರೆ ಹುಡುಕುವವರಾರು? ಹಾಸನ ಜಿಲ್ಲೆಯ ಕೈಗಾರಿಕಾ ತರಬೇತಿ ಸಂಸ್ಥೆಗಳವರು ಬೇಸಾಯದ ಬಿಡುವಿನಲ್ಲಿ ಚಾಲಕರಿಗೂ ಗ್ಯಾರೇಜಿನ ಹುಡುಗರಿಗೂ ನಾಲ್ಕು ದಿನದ ಮೀಟರು ಪಾಠ ಏರ್ಪಡಿಸಿದರೆ ದೊಡ್ಡ ಉಪಕಾರವಾದೀತು.

ಸಾರಿಗೆ ಅಧಿಕಾರಿಗಳಲ್ಲಿ ನಮ್ಮದೊಂದು ಬಿನ್ನಹ. ಎಂಟು ವರ್ಷ ಮೀರಿದ ಬಾಡಿಗೆ ವಾಹನವು ವರ್ಷಕ್ಕೊಮ್ಮೆ ಎಫ್.ಸಿ. ಪಡೆಯಬೇಕೆಂದು ನಿಯಮವಿದೆ. ಆ ದಿನ ದೀಪ ಹತ್ತಿತೇ ಎಂದಷ್ಟೇ ನೋಡದೆ, ಬ್ರೇಕು, ಇಂಡಿಕೇಟರು, ದೊಡ್ಡ ದೀಪಗಳನ್ನು ಒಟ್ಟಿಗೆ ಹಾಕಿಸಿ ನೋಡಲಿ. ಫ್ಯೂಸಿನ ಪೆಟ್ಟಿಗೆಯ ಮುಚ್ಚಳವನ್ನೂ ತೆರೆಸಲಿ. ಬೇಲೂರಿನ ಪಡುವಣ ತೋಟಗಳ ದಾರಿಯಲ್ಲಿ ಕತ್ತಲೆಯಾದ ಮೇಲೆ ಆನೆಗಳು ಅಡ್ಡ ಬರುವುದುಂಟು; ಅಲ್ಲಿ ದೀಪವಿಲ್ಲದೆ ನಿಂತ ಗಾಡಿಯು ಚಾಲಕನಿಗೂ ಅಪಾಯ, ಹಿಂದೆ ಬರುವವರಿಗೂ ಅಪಾಯ.