ತಡೆದವನ ಹೆಸರೇನು?

ಗೋಲು ಹೊಡೆದವರ ಹೆಸರು ಸ್ಕೋರ್‌ಬೋರ್ಡ್‌ನಲ್ಲಿ ಬರುತ್ತೆ. ಆಗದೇ ಹೋದ ಗೋಲಿಗೆ ಅಲ್ಲಿ ಜಾಗ ಇಲ್ಲ. ಡಿಫೆಂಡರ್ ಪಂದ್ಯವಿಡೀ ಸರಿಯಾಗಿ ಆಡಿ ಒಂದು ಸಲ ಎಡವಿದರೆ, ಮರುದಿನ ಎಲ್ಲರ ಬಾಯಲ್ಲಿ ಇರೋದು ಆ ಒಂದು ಸಲ ಮಾತ್ರ.

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಹೊನಲು ಬೆಳಕಿನ ಕಬಡ್ಡಿ ಅಂದ್ರೆ ಹಬ್ಬ. ಅಲ್ಲೂ ಶಿಳ್ಳೆ ಬೀಳೋದು ರೈಡರ್‌ಗೇ. ಈ ವರ್ಷ ಅಕ್ಕನ ಮಗನನ್ನು ರೈಡಿಂಗ್ ಬಿಡಿಸಿ ಕಾರ್ನರ್‌ಗೆ ಹಾಕಿದ್ದಾರೆ. "ಹೆಸರೂ ಬರದ ಜಾಗದಲ್ಲಿ ನಿಂತು ಮಂಡಿ ಮುರ್ಕೊಳ್ಳೋದ್ಯಾಕೆ? ಬಿಟ್ಟು ಓದ್ಕೊಳ್ಳಲಿ" ಅಂತಾರೆ ಭಾವ. "ಚಿಕ್ಕಮ್ಮ, ನೀನೇ ಅಪ್ಪಂಗೆ ಹೇಳು" ಅಂತ ಹುಡುಗ ನನ್ನ ಹತ್ತಿರ ಬಂದ. ನಾನು ಇಬ್ಬರನ್ನೂ ಕೂರಿಸಿಕೊಂಡು ಹಾಕಿ ಆಟಗಾರ ವಿ.ಆರ್. ರಘುನಾಥ್ ಕಥೆ ಹೇಳಿದೆ.

ರಘುನಾಥ್ 1988ರಲ್ಲಿ ಹುಟ್ಟಿದ ಕೊಡಗಿನ ಹುಡುಗ. ಭಾರತ ತಂಡದಲ್ಲಿ ಫುಲ್‌ಬ್ಯಾಕ್, ಆಡಿದ್ದು ಇನ್ನೂರಕ್ಕೂ ಹೆಚ್ಚು ಪಂದ್ಯ. ಆದರೆ ಆತ ಬೆಳೆದ ಕಾಲ ನಮ್ಮ ಹಾಕಿಗೆ ಕಷ್ಟದ ಕಾಲ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಭಾರತಕ್ಕೆ ಅರ್ಹತೆಯೇ ಸಿಗಲಿಲ್ಲ. 2012ರ ಲಂಡನ್‌ನಲ್ಲಿ 12 ತಂಡಗಳ ಪೈಕಿ ಕೊನೇ ಸ್ಥಾನ. ತಂಡ ಸೋತಾಗ ಮೊದಲು ಬೆರಳು ತೋರಿಸೋದು ಹಿಂದೆ ನಿಂತವರ ಕಡೆಗೇ ಅಲ್ವಾ?

ಆದರೂ ಆತ ಆ ಜಾಗ ಬಿಡಲಿಲ್ಲ. ಪೆನಾಲ್ಟಿ ಕಾರ್ನರ್ ಸಿಕ್ಕಾಗ ಮುಂದೆ ಬಂದು ಡ್ರ್ಯಾಗ್ ಫ್ಲಿಕ್ ಹೊಡೆಯೋದು, ಮತ್ತೆ ಓಡಿಹೋಗಿ ಹಿಂದೆ ನಿಲ್ಲೋದು. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಶುರುವಾದಾಗ ಉತ್ತರ ಪ್ರದೇಶ ವಿಝಾರ್ಡ್ಸ್ ಹರಾಜಿನಲ್ಲಿ ಕೊಂಡದ್ದು ಇದೇ ಡಿಫೆಂಡರನ್ನು. ಮುಂದೆ ಆ ತಂಡದ ನಾಯಕನೂ ಆದ. 2014ರ ಇಂಚಾನ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನವನ್ನು ಶೂಟೌಟ್‌ನಲ್ಲಿ ಸೋಲಿಸಿ, 16 ವರ್ಷಗಳ ನಂತರ ಚಿನ್ನ ತಂದ ತಂಡದಲ್ಲಿ ಆತನೂ ಇದ್ದ. ಜೊತೆಗೆ ನಮ್ಮವರೇ ಆದ ಎಸ್.ವಿ. ಸುನಿಲ್, ನಿಕಿನ್ ತಿಮ್ಮಯ್ಯ, ಎಸ್.ಕೆ. ಉತ್ತಪ್ಪ. 2016ರಲ್ಲಿ ರಘುನಾಥ್‌ಗೆ ಅರ್ಜುನ ಪ್ರಶಸ್ತಿ ಬಂತು. ಅದೇ ವರ್ಷ ರಿಯೊ ಒಲಿಂಪಿಕ್ಸ್‌ನಲ್ಲಿ ಭಾರತ ಕ್ವಾರ್ಟರ್ ಫೈನಲ್‌ನಲ್ಲಿ ಬೆಲ್ಜಿಯಂಗೆ 1–3ರಿಂದ ಸೋತಿತು.

2021ರಲ್ಲಿ ಟೋಕಿಯೊದಲ್ಲಿ 41 ವರ್ಷಗಳ ಬಳಿಕ ಒಲಿಂಪಿಕ್ ಪದಕ ಬಂದಾಗ ರಘುನಾಥ್ ತಂಡದಲ್ಲಿ ಇರಲಿಲ್ಲ. ಕೊನೇ ಸ್ಥಾನದಲ್ಲಿದ್ದ ತಂಡವನ್ನು ಹೊತ್ತು ಮೇಲಕ್ಕೆ ತಂದವರಲ್ಲಿ ಆತ ಒಬ್ಬ. ಕೊರಳಿಗೆ ಪದಕ ಬಿದ್ದದ್ದು ಮುಂದಿನವರಿಗೆ. ತಡೆಯುವವರ ಪಾಲಿಗೆ ಇದೂ ಸೇರಿಯೇ ಬರುತ್ತೆ ಅಂತ ಹುಡುಗನಿಗೆ ಮುಚ್ಚಿಡದೇ ಹೇಳಿದೆ. ಅವನು "ಪರವಾಗಿಲ್ಲ ಚಿಕ್ಕಮ್ಮ" ಅಂದ. ಭಾವ ಇನ್ನೂ ಯೋಚನೆ ಮಾಡ್ತಿದ್ದಾರೆ.

ನೀವೂ ಮುಂದಿನ ಸಲ ಕಬಡ್ಡಿಗೆ ಹೋದಾಗ ಐದು ನಿಮಿಷ ರೈಡರ್‌ನ ಬಿಟ್ಟು ಕಾರ್ನರ್‌ನವನನ್ನು ನೋಡಿ. ಅವನು ಯಾವಾಗ ಬಗ್ಗುತ್ತಾನೆ, ಯಾವಾಗ ಸುಮ್ಮನಿರುತ್ತಾನೆ ಅಂತ ಗಮನಿಸಿ. ಹಿಡಿದಾಗ ಜೋರಾಗಿ ಒಂದು ಶಿಳ್ಳೆ ಹಾಕಿ.