ಗೀಸರಿಗೆ ದೀಪದ ತಂತಿ ಸಾಕೇ?

ಮನೆ ಕಟ್ಟಿಸುವಾಗ ನೆಲಕ್ಕೆ ಯಾವ ಕಲ್ಲು, ಬಾಗಿಲಿಗೆ ಯಾವ ಮರ ಎಂದು ಮನೆಮಂದಿಯೆಲ್ಲ ಕುಳಿತು ಚರ್ಚಿಸುತ್ತಾರೆ. ಗೋಡೆಯೊಳಗೆ ಹೋಗುವ ವಿದ್ಯುತ್ ತಂತಿಯ ದಪ್ಪವನ್ನು ಮಾತ್ರ ಕೇಳುವವರು ಕಡಿಮೆ. ಒಮ್ಮೆ ಗಾರೆ ಮೆತ್ತಿದ ಮೇಲೆ ಆ ತಂತಿ ವರ್ಷಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದಲೇ ಅದರ ಆಯ್ಕೆಯಲ್ಲಿ ಎಚ್ಚರ ಬೇಕು.

ಹತ್ತನೆಯ ತರಗತಿಯವರಿಗೆ ಜೌಲ್‌ನ ನಿಯಮ ಗೊತ್ತು. ವಾಹಕದಲ್ಲಿ ಹುಟ್ಟುವ ಶಾಖವು ವಿದ್ಯುತ್ ಪ್ರವಾಹದ ವರ್ಗವನ್ನೂ ವಾಹಕದ ರೋಧವನ್ನೂ ಅವಲಂಬಿಸಿದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ ಈ ಮಾತನ್ನು ಮನೆಯ ಗೋಡೆಗೆ ಅನ್ವಯಿಸಿ ನೋಡೋಣ.

ಬಚ್ಚಲುಮನೆಯಲ್ಲಿ 2,000 ವ್ಯಾಟಿನ ಗೀಸರ್ ಇದೆಯೆನ್ನಿ. ಮನೆಗೆ ಬರುವ ವಿದ್ಯುತ್ 230 ವೋಲ್ಟ್. ಭಾಗಿಸಿದರೆ ಪ್ರವಾಹ ಸುಮಾರು 8.7 ಆಂಪಿಯರ್. ಮೀಟರ್ ಬೋರ್ಡಿನಿಂದ ಅಲ್ಲಿಗೆ 20 ಮೀಟರ್ ದೂರವಿದ್ದರೆ, ಹೋಗಿ ಬರುವ ತಂತಿ ಒಟ್ಟು 40 ಮೀಟರ್. ಅದು ದೀಪಕ್ಕೆ ಹಾಕುವ 1 ಚದರ ಮಿಲಿಮೀಟರ್ ತಾಮ್ರದ ತಂತಿಯಾದರೆ ರೋಧ ಸುಮಾರು 0.7 ಓಮ್. ಲೆಕ್ಕ ಹಾಕಿ: ತಂತಿಯಲ್ಲೇ 53 ವ್ಯಾಟ್ ಶಾಖವಾಗುತ್ತದೆ.

ಇದೇ ಲೈನಿಗೆ 2,000 ವ್ಯಾಟಿನ ಇಂಡಕ್ಷನ್ ಒಲೆಯನ್ನೂ ಜೋಡಿಸಿದರೆ? ಪ್ರವಾಹ ಎರಡು ಪಟ್ಟು, ಶಾಖ ನಾಲ್ಕು ಪಟ್ಟು! 53 ಇದ್ದದ್ದು 212 ವ್ಯಾಟ್ ಆಯಿತು. ಗೋಡೆಯ ಪೈಪಿನೊಳಗೆ ಹುಟ್ಟಿದ ಶಾಖ ಸುಲಭವಾಗಿ ಹೊರಗೆ ಹೋಗುವುದಿಲ್ಲ. ಸಾಮಾನ್ಯ ಪಿವಿಸಿ ಹೊದಿಕೆಯ ತಂತಿ ತಾಳಬಲ್ಲ ಉಷ್ಣತೆ 70 ಡಿಗ್ರಿ ಸೆಲ್ಸಿಯಸ್. ಅದನ್ನು ಮೀರುತ್ತಾ ಹೋದರೆ ಹೊದಿಕೆ ಕೆಟ್ಟು, ತಂತಿಗಳು ಒಂದಕ್ಕೊಂದು ತಗುಲಿ, ಬೆಂಕಿ ಹೊತ್ತಿಕೊಳ್ಳಬಹುದು.

ಪರಿಹಾರವೂ ಅದೇ ಸೂತ್ರದಲ್ಲಿದೆ. 4 ಚದರ ಮಿಲಿಮೀಟರ್ ತಂತಿಯ ರೋಧ ಕಾಲು ಭಾಗ ಮಾತ್ರ. ಶಾಖವೂ ಕಾಲು ಭಾಗಕ್ಕೆ ಇಳಿಯುತ್ತದೆ. ಅಂಗಡಿಯಲ್ಲಿ 'ನಾಲ್ಕು ಎಂಎಂ ವಯರ್' ಎನ್ನುವುದು ವ್ಯಾಸವನ್ನಲ್ಲ, ಅಡ್ಡಕೊಯ್ತದ ವಿಸ್ತೀರ್ಣವನ್ನು. ವ್ಯಾಸ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆಂಬುದು ನಿಮಗೆ ತಿಳಿದದ್ದೇ.

ಸಾಮಾನ್ಯ ಮನೆಗೆ ರೂಢಿಯಲ್ಲಿರುವ ಅಳತೆ ಹೀಗಿದೆ: ದೀಪ, ಫ್ಯಾನುಗಳಿಗೆ 1 ಅಥವಾ 1.5, 16 ಆಂಪಿಯರಿನ ಪವರ್ ಸಾಕೆಟ್ಟಿಗೆ 2.5; ಗೀಸರ್, ಏಸಿಗಳಿಗೆ 4 ಚದರ ಮಿಲಿಮೀಟರ್. ಗೀಸರಿಗೆ ಬೋರ್ಡಿನಿಂದಲೇ ಪ್ರತ್ಯೇಕ ಲೈನ್ ಇರಲಿ. ಅರ್ಥಿಂಗ್ ತಂತಿಯನ್ನು ಬಿಡಲೇಬಾರದು. ತಂತಿಯ ಮೇಲೆ ಐಎಸ್‌ಐ ಗುರುತು ಮತ್ತು ಅಳತೆ ಮುದ್ರಿತವಾಗಿದೆಯೇ ನೋಡಿಕೊಳ್ಳಿ. 'ಎಫ್‌ಆರ್' ಎಂದಿದ್ದರೆ ಅದರ ಹೊದಿಕೆ ಬೆಂಕಿ ಹರಡುವುದನ್ನು ತಡೆಯುವಂಥದ್ದು.

ಪೋಷಕರಿಗೆ ಒಂದು ಮಾತು. ಎಂಸಿಬಿ ಪದೇ ಪದೇ ಟ್ರಿಪ್ ಆಗುತ್ತದೆಂದು 10 ಆಂಪಿಯರಿನದನ್ನು ತೆಗೆಸಿ 32ರದನ್ನು ಹಾಕಿಸುವವರಿದ್ದಾರೆ. ಹಿಂದೆ ಫ್ಯೂಸಿಗೆ ದಪ್ಪ ತಂತಿ ಸುತ್ತುತ್ತಿದ್ದದ್ದೂ ಇದೇ ಬುದ್ಧಿ. ಎಂಸಿಬಿ ಇರುವುದು ಮುಖ್ಯವಾಗಿ ಗೋಡೆಯೊಳಗಿನ ತಂತಿಯನ್ನು ಕಾಯಲಿಕ್ಕೆ. ತಂತಿ ಹಳೆಯದೇ ಉಳಿದು ಎಂಸಿಬಿ ಮಾತ್ರ ದೊಡ್ಡದಾದರೆ, ಕಾವಲುಗಾರನಿಗೆ ನಿದ್ದೆಮಾತ್ರೆ ಕೊಟ್ಟಂತೆ. ಅದು ಟ್ರಿಪ್ ಆದರೆ ಮೊದಲು ಹೊರೆ ಇಳಿಸಿ. ಆಮೇಲೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ವಿದ್ಯಾರ್ಥಿಗಳೇ, ನೀವು ಬೋರ್ಡಿಗೆ ಕೈ ಹಾಕುವುದು ಬೇಡ. ಒಂದು ಹಾಳೆ, ಪೆನ್ಸಿಲ್ ಹಿಡಿದು ಮನೆಯ ಪ್ರತಿಯೊಂದು ಉಪಕರಣದ ವ್ಯಾಟ್ ಬರೆದುಕೊಳ್ಳಿ. 230ರಿಂದ ಭಾಗಿಸಿ. ಯಾವುದು ಯಾವ ಲೈನಿನಲ್ಲಿದೆ ಎಂದು ಹಿರಿಯರನ್ನು ಕೇಳಿ, ಒಂದೇ ಲೈನಿನವನ್ನು ಕೂಡಿಸಿ. ಆ ಮೊತ್ತ ಎಂಸಿಬಿಯ ಮೇಲಿನ ಅಂಕಿಯನ್ನು ಮೀರಿದರೆ, ಆ ಹಾಳೆಯನ್ನು ಅಪ್ಪ ಅಮ್ಮನಿಗೆ ತೋರಿಸಿ.