ನಿಯಮ ಮಾಡಿದವರ ವಿನಾಯಿತಿ

2020ರ ಮೇ 20ರಂದು ಬ್ರಿಟನ್ ಸರ್ಕಾರದ ದಿನನಿತ್ಯದ ಪತ್ರಿಕಾಗೋಷ್ಠಿಯಲ್ಲಿ ಸಚಿವರೊಬ್ಬರು ಜನರಿಗೆ ಕೋವಿಡ್ ನಿಯಮವನ್ನು ಮತ್ತೊಮ್ಮೆ ನೆನಪಿಸಿದರು: ಬೇರೆ ಮನೆಯ ಒಬ್ಬರನ್ನು ಮಾತ್ರ ಭೇಟಿಯಾಗಬಹುದು, ಅದೂ ಬಯಲಿನಲ್ಲಿ, ಎರಡು ಮೀಟರ್ ದೂರ ನಿಂತು. ಅದೇ ಸಂಜೆ ಪ್ರಧಾನಿ ನಿವಾಸದ ತೋಟದಲ್ಲಿ ಮೇಜುಗಳು ಸಜ್ಜಾಗಿದ್ದವು. ಹವೆ ಚೆನ್ನಾಗಿದೆ, ಕುಡಿಯಲು ಬೇಕಾದ್ದನ್ನು ನೀವೇ ತನ್ನಿ ಎಂದು ಸಿಬ್ಬಂದಿಗೆ ಇ–ಮೇಲ್ ಹೋಗಿತ್ತು. ಪ್ರಧಾನಿ ಬೋರಿಸ್ ಜಾನ್ಸನ್ ಕೂಡ ಅಲ್ಲಿಗೆ ಬಂದು ಹೋದರು.

ಒಂದೂವರೆ ವರ್ಷದ ನಂತರ ಈ ಸುದ್ದಿಗಳು ಒಂದೊಂದಾಗಿ ಹೊರಬಿದ್ದಾಗ ಬ್ರಿಟನ್ನಿನ ಜನ ಮೊದಲು ತೋಡಿಕೊಂಡದ್ದು ತಮ್ಮ ಮನೆಯ ಸಾವುಗಳನ್ನು. ಆಸ್ಪತ್ರೆಯ ಗೇಟಿನ ಹೊರಗೆ ನಿಂತವರು, ಫೋನಿನ ಪರದೆಯಲ್ಲಿ ತಾಯಿಯ ಮುಖ ನೋಡಿ ಬೀಳ್ಕೊಟ್ಟವರು, ಮಣ್ಣು ಮಾಡುವಾಗ ಒಡಹುಟ್ಟಿದವರನ್ನು ತಬ್ಬಿಕೊಳ್ಳಲಾಗದವರು ಮಾತನಾಡತೊಡಗಿದರು. ತೋಟದ ಕೂಟದಿಂದ ಎಷ್ಟು ಜನರಿಗೆ ಸೋಂಕು ತಗುಲಿತು ಎಂದು ಅವರಲ್ಲಿ ಹೆಚ್ಚಿನವರು ಕೇಳಲಿಲ್ಲ. ಹಾಗಾದರೆ ಅವರ ಸಿಟ್ಟು ಯಾವುದರ ಮೇಲೆ?

‘ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ’ ಎಂಬ ನಮ್ಮ ಗಾದೆ ಇದಕ್ಕೆ ಸುಲಭದ ಉತ್ತರ ಕೊಡುತ್ತದೆ: ಇದು ಬೂಟಾಟಿಕೆಯ ಮೇಲಿನ ಸಿಟ್ಟು. ಆದರೆ ಬೂಟಾಟಿಕೆಯೊಂದೇ ಇಷ್ಟು ದೊಡ್ಡ ಗಾಯ ಮಾಡಲಾರದು. ಬೀಡಿ ಸೇದುವ ಡಾಕ್ಟರು ಬೀಡಿ ಬಿಡಿ ಎಂದರೆ ನಾವು ನಗುತ್ತೇವೆ, ಅಷ್ಟೆ. ಅವರ ಸಲಹೆಯೇನೂ ಸುಳ್ಳಾಗುವುದಿಲ್ಲ. ಸಲಹೆ ಪಾಲಿಸದಿದ್ದರೆ ಅವರು ನಮಗೆ ದಂಡ ಹಾಕುವಂತೆಯೂ ಇಲ್ಲ. ಆಳುವವರ ಕೈಯಲ್ಲಿ ಮಾತ್ರ ಪೊಲೀಸರಿದ್ದಾರೆ, ರಸೀದಿ ಪುಸ್ತಕವಿದೆ. ಇಂಗ್ಲೆಂಡಿನಲ್ಲಿ 2020ರ ಆಗಸ್ಟ್ ಕೊನೆಯಿಂದ ಮೂವತ್ತಕ್ಕಿಂತ ಹೆಚ್ಚು ಜನರನ್ನು ಕಾನೂನುಬಾಹಿರವಾಗಿ ಸೇರಿಸಿದವರಿಗೆ 10,000 ಪೌಂಡ್ ದಂಡವಿತ್ತು. ಆ ವರ್ಷದ ಜೂನ್‌ನಲ್ಲಿ ತಮ್ಮ ಹುಟ್ಟುಹಬ್ಬದ ಕೂಟದಲ್ಲಿ ಭಾಗವಹಿಸಿದ್ದಕ್ಕಾಗಿ ಜಾನ್ಸನ್ 2022ರಲ್ಲಿ ತೆತ್ತ ದಂಡ 50 ಪೌಂಡ್.

ಅದಕ್ಕೂ ಮುಂಚಿನ ಡೊಮಿನಿಕ್ ಕಮಿಂಗ್ಸ್ ಪ್ರಕರಣ ಈ ಪ್ರಶ್ನೆಯನ್ನು ಇನ್ನಷ್ಟು ಬಿಡಿಸಿ ತೋರಿಸುತ್ತದೆ. ಜಾನ್ಸನ್ನರ ಮುಖ್ಯ ಸಲಹೆಗಾರರಾಗಿದ್ದ ಅವರು ಲಾಕ್‌ಡೌನ್ ಶುರುವಾದ ಹೊಸತರಲ್ಲಿ, ಹೆಂಡತಿಗೆ ಕೋವಿಡ್ ಲಕ್ಷಣ ಕಂಡ ಮೇಲೆ, ಹೆಂಡತಿ ಮತ್ತು ಪುಟ್ಟ ಮಗನೊಂದಿಗೆ ಲಂಡನ್ನಿನಿಂದ 260 ಮೈಲಿ ದೂರದ ಡರಮ್‌ಗೆ ಕಾರಿನಲ್ಲಿ ಹೋದರು. ಈಸ್ಟರ್ ಭಾನುವಾರ ಅಲ್ಲಿಂದ ಬಾರ್ನಾರ್ಡ್ ಕಾಸಲ್ ಎಂಬ ಊರಿಗೂ ಹೋಗಿ ಬಂದರು. ಕಾಯಿಲೆಯಿಂದ ಕಣ್ಣು ಮಂಜಾಗಿತ್ತು, ಲಂಡನ್ನಿಗೆ ಮರಳುವ ಮುನ್ನ ಕಾರು ಓಡಿಸಲು ಆಗುತ್ತದೆಯೇ ಎಂದು ನೋಡಿಕೊಂಡೆ ಎಂಬುದು ಅವರು ಕೊಟ್ಟ ವಿವರಣೆ. ಜನ ಆ ಕಣ್ಣಿನ ಪರೀಕ್ಷೆಯನ್ನು ಹಿಡಿದು ನಕ್ಕರು. ಅದಕ್ಕಿಂತ ಮುಖ್ಯವಾದದ್ದು ಅವರ ಮೊದಲ ಸಮರ್ಥನೆ: ಮಕ್ಕಳ ಆರೈಕೆಗೆ ತೊಂದರೆಯಾಗುವಂಥ ಸಂದರ್ಭದಲ್ಲಿ ನಿಯಮದಲ್ಲೇ ಅವಕಾಶವಿತ್ತು ಎಂಬುದು. ಅಪ್ಪನಾದವನು ಮಾಡುವುದನ್ನೇ ಮಾಡಿದ್ದಾರೆ ಎಂದು ಪ್ರಧಾನಿಯೂ ಅವರ ಬೆನ್ನಿಗೆ ನಿಂತರು.

ಈ ಸಮರ್ಥನೆ ಪೂರ್ತಿ ಸರಿ ಎಂದೇ ಒಪ್ಪೋಣ. ಆಗ ಸಿಟ್ಟು ಹೆಚ್ಚಬೇಕೇ ಹೊರತು ಇಳಿಯಬೇಕಿಲ್ಲ. ಅದೇ ವಸಂತದಲ್ಲಿ ಜ್ವರದಿಂದ ನಡುಗುತ್ತಾ, ಮಕ್ಕಳನ್ನು ನೋಡಿಕೊಳ್ಳುವವರಿಲ್ಲದೆ, ಮನೆಯ ಬಾಗಿಲು ಹಾಕಿಕೊಂಡು ಕೂತ ಅಪ್ಪ–ಅಮ್ಮಂದಿರು ಆ ದೇಶದಲ್ಲಿ ಎಷ್ಟೋ ಮಂದಿಯಿದ್ದರು. ನಿಯಮದಲ್ಲಿ ಇಂಥದೊಂದು ಕಿಂಡಿಯಿದೆ ಎಂಬುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ‘ಮನೆಯಲ್ಲೇ ಇರಿ’ ಎಂಬ ಘೋಷಣೆಯನ್ನಷ್ಟೇ ಕೇಳಿಸಿಕೊಂಡವರು ಅವರು. ಕಿಂಡಿ ಕಂಡದ್ದು ಅಧಿಕಾರದ ಪಕ್ಕದಲ್ಲೇ ಕೂತವರಿಗೆ.

ನಾಯಕ ನಿಯಮ ಮೀರಿದಾಗ ಅವನಿಗೆ ಒಂದು ಸಂಗತಿ ಗೊತ್ತಾಗಿರುತ್ತದೆ: ಒಂದೋ ಈ ನಿಯಮ ಸಹಿಸಲಾಗದಷ್ಟು ಕಠಿಣ, ಇಲ್ಲವೇ ಇಂಥ ಸಂದರ್ಭದಲ್ಲಿ ಅದರ ಅಗತ್ಯವಿಲ್ಲ. ಎರಡರಲ್ಲಿ ಯಾವುದೇ ಆದರೂ ಅದನ್ನು ಎಲ್ಲರಿಗೂ ತಿಳಿಸಿ ನಿಯಮ ಸಡಿಲಿಸುವ ಅಧಿಕಾರ ಅವನಿಗಿದೆ. ಹಾಗೆ ಮಾಡದೆ ರಿಯಾಯಿತಿಯನ್ನು ತನ್ನೊಬ್ಬನ ಪಾಲಿಗೆ ಇಟ್ಟುಕೊಂಡಾಗ, ನಿಷ್ಠೆಯಿಂದ ಪಾಲಿಸಿದವರು ಹಿಂದಿರುಗಿ ನೋಡಿ ‘ನಾವೇ ಪೆದ್ದರಾದೆವೇ?’ ಎಂದು ಕೇಳಿಕೊಳ್ಳುತ್ತಾರೆ. ತಾಯಿಯ ಕೊನೆಯ ದಿನಗಳು ಮರಳಿ ಬರುವುದಿಲ್ಲ. ಕ್ಷಮಾಪಣೆಗೂ ದಂಡಕ್ಕೂ ಸಿಗದ ನಷ್ಟ ಅದು. ಅವರೂ ಮನುಷ್ಯರಲ್ಲವೇ ಎಂಬ ಕರುಣೆಯ ಮಾತು ಇಲ್ಲಿ ಸೋಲುವುದು ಇದಕ್ಕೇ. ಹಾಗಾದರೆ ಉಳಿದವರೂ ಮನುಷ್ಯರೇ ಎಂಬುದು ಆದೇಶಕ್ಕೆ ಸಹಿ ಹಾಕುವಾಗಲೇ ಹೊಳೆಯಬೇಕಿತ್ತು.

ನಾರ್ವೆಯ ಪೊಲೀಸರಿಗೆ ಇದು ಅರ್ಥವಾಗಿತ್ತು. ತಮ್ಮ 60ನೇ ಹುಟ್ಟುಹಬ್ಬಕ್ಕೆ ಮಿತಿಗಿಂತ ಕೆಲವೇ ಮಂದಿ ಹೆಚ್ಚು ನೆಂಟರನ್ನು ಸೇರಿಸಿದ ಪ್ರಧಾನಿ ಎರ್ನಾ ಸೋಲ್ಬರ್ಗ್ ಅವರಿಗೆ 2021ರ ಏಪ್ರಿಲ್‌ನಲ್ಲಿ 20,000 ಕ್ರೋನರ್ ದಂಡ ಬಿತ್ತು. ಇಂಥ ಹೆಚ್ಚಿನ ಪ್ರಕರಣಗಳಲ್ಲಿ ದಂಡ ಹಾಕುತ್ತಿರಲಿಲ್ಲ, ಆದರೆ ನಿಯಮಗಳ ಮುಂಚೂಣಿಯಲ್ಲಿದ್ದವರು ಪ್ರಧಾನಿಯೇ ಆದ್ದರಿಂದ ಜನರ ನಂಬಿಕೆ ಉಳಿಸಲು ಹಾಕಿದ್ದೇವೆ ಎಂದು ಪೊಲೀಸರು ವಿವರಿಸಿದರು. ಪದವಿ ದೊಡ್ಡದಾದಷ್ಟೂ ವಿನಾಯಿತಿ ಕುಗ್ಗಬೇಕು ಎಂಬ ಈ ತರ್ಕ ನಮ್ಮ ರೂಢಿಗೆ ತದ್ವಿರುದ್ಧ.

ನಮ್ಮ ರೂಢಿ ಹೇಗಿತ್ತು? 2020ರ ಮಾರ್ಚ್‌ನಲ್ಲಿ, ಹೆಚ್ಚು ಜನ ಸೇರುವ ಮದುವೆ ಬೇಡ ಎಂದು ಸರ್ಕಾರ ಹೇಳಿದ ಎರಡೇ ದಿನಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪ ಬೆಳಗಾವಿಯಲ್ಲಿ ತಮ್ಮ ಪಕ್ಷದ ನಾಯಕರೊಬ್ಬರ ಮನೆಯ ಅದ್ಧೂರಿ ಮದುವೆಗೆ ಹೋದರು. ಮೇ ತಿಂಗಳಲ್ಲಿ ವಿಮಾನ ಸಂಚಾರ ಮತ್ತೆ ಶುರುವಾದಾಗ ದೆಹಲಿಯಿಂದ ಬಂದವರಿಗೆ ಏಳು ದಿನ ಸಾಂಸ್ಥಿಕ ಕ್ವಾರಂಟೈನ್ ಕಡ್ಡಾಯವಾಗಿತ್ತು. ಕೇಂದ್ರ ಸಚಿವ ಸದಾನಂದ ಗೌಡರು ದೆಹಲಿಯಿಂದ ಬೆಂಗಳೂರಿಗೆ ಬಂದಿಳಿದು ನೇರ ಕಾರು ಹತ್ತಿದರು. ಔಷಧ ಖಾತೆಯ ಸಚಿವರಿಗೆ ವಿನಾಯಿತಿ ಇದೆ ಎಂಬುದು ಉತ್ತರವಾಗಿತ್ತು. ಸಚಿವರಿಗೆ ಕೆಲಸವಿರುತ್ತದೆ, ನಿಜ. ವೈರಸ್ಸಿಗೆ ಖಾತೆ ಗೊತ್ತಾಗುವುದಿಲ್ಲ ಎಂಬುದೂ ಅಷ್ಟೇ ನಿಜ. ಪರೀಕ್ಷೆ ಮಾಡಿಸಿಕೊಂಡು ಮನೆಗೆ ಹೋಗಬಹುದು ಎಂದಿದ್ದರೆ ಆ ದಾರಿ ಹೋಟೆಲ್ ಖರ್ಚಿಗೆ ಪರದಾಡಿದ ಪ್ರಯಾಣಿಕನಿಗೂ ತೆರೆದಿರಬೇಕಿತ್ತು.

ಇದಕ್ಕೆ ಎದುರಾಗಿ ಇನ್ನೊಂದು ಸಂಗತಿಯೂ ಇದೆ. ಬೆಳಗಾವಿಯ ಸಂಸದ, ರೈಲ್ವೆ ರಾಜ್ಯ ಸಚಿವ ಸುರೇಶ ಅಂಗಡಿ 2020ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡಾಗ ಅಂತ್ಯಕ್ರಿಯೆ ದೆಹಲಿಯಲ್ಲೇ ಮುಗಿಯಿತು. ದೇಹ ಊರಿಗೆ ಬರಲಿಲ್ಲ. ಪದವಿಯಿದ್ದವರ ಮನೆಯೂ ನಿಯಮದ ಭಾರ ಹೊತ್ತದ್ದನ್ನು ಕಂಡ ದಿನ ಅದು.

ಬ್ರಿಟನ್ನಿನಲ್ಲಿ ಸಿಟ್ಟು ಪಕ್ಷದ ಗೆರೆ ದಾಟಿತು. ಈ ಕೂಟಗಳ ವಿಷಯದಲ್ಲಿ ಜಾನ್ಸನ್ ಸದನದ ದಾರಿ ತಪ್ಪಿಸಿದರು ಎಂಬ ಸಂಸದೀಯ ಸಮಿತಿಯ ವರದಿಯನ್ನು 2023ರ ಜೂನ್‌ನಲ್ಲಿ ಸಂಸತ್ತು 354–7 ಮತಗಳಿಂದ ಒಪ್ಪಿತು. ಪರವಾಗಿ ಮತ ಹಾಕಿದವರಲ್ಲಿ ಅವರದೇ ಪಕ್ಷದವರೂ ಇದ್ದರು. ನಮ್ಮಲ್ಲಿ ಸಿಟ್ಟು ಬಣ್ಣ ನೋಡಿಕೊಂಡು ಏಳುತ್ತದೆ. 2021ರ ಜನವರಿಯಲ್ಲಿ ಬೆಳಗಾವಿಯ ಬಿಜೆಪಿ ಸಮಾವೇಶದ ಜನಜಂಗುಳಿಯನ್ನು ಕಾಂಗ್ರೆಸ್ಸಿನವರು ಎತ್ತಿ ಆಡಿದರು. ಮರುವರ್ಷದ ಜನವರಿಯಲ್ಲಿ, ಓಮಿಕ್ರಾನ್ ಅಲೆಯ ನಡುವೆ, ಕಾಂಗ್ರೆಸ್ಸಿನ ಮೇಕೆದಾಟು ಪಾದಯಾತ್ರೆಯನ್ನು ಬಿಜೆಪಿಯವರು ಎತ್ತಿ ಆಡಿದರು. ಎರಡೂ ಸಲ ಹೈಕೋರ್ಟ್ ಗದರಬೇಕಾಯಿತು. ಪಕ್ಷ ಯಾವುದೂ ಅಲ್ಲದವನು ‘ದೊಡ್ಡವರ ವಿಷಯ, ನಮಗ್ಯಾಕೆ’ ಎಂದು ಮಾಸ್ಕ್ ದಂಡದ 250 ರೂಪಾಯಿ ಕಟ್ಟಿ ಸುಮ್ಮನಾದ.

ಈ ಸುಮ್ಮನಿರುವಿಕೆಯನ್ನು ಕ್ಷಮಾಗುಣ ಎಂದು ತಿಳಿಯಬೇಕಿಲ್ಲ. ಕಾನೂನು ಎಲ್ಲರಿಗೂ ಒಂದೇ ಎಂದು ನಂಬಿದವನಿಗೆ ಮಾತ್ರ ಅದು ಮುರಿದಾಗ ಸಿಟ್ಟು ಬರುತ್ತದೆ. ಆ ನಿರೀಕ್ಷೆಯೇ ಇಲ್ಲದ ಕಡೆ ನಿಯಮವೆಂದರೆ ಸಿಕ್ಕಿಬೀಳದಂತೆ ನೋಡಿಕೊಳ್ಳುವ ಆಟ. ಅಂಥ ಸಮಾಜದಲ್ಲಿ ಮುಂದಿನ ಸಾಂಕ್ರಾಮಿಕಕ್ಕೆ ಆದೇಶಗಳು ಹೊರಟಾಗ ಜನ ಅವುಗಳನ್ನು ಪಾಲಿಸುವಂತೆ ಮಾಡಲು ಲಾಠಿ ಒಂದೇ ಉಳಿದಿರುತ್ತದೆ.

ಹಾಗಾಗಿ ಸಿಟ್ಟು ಬೇಕು, ಅದಕ್ಕೆ ಸರಿಯಾದ ಗುರಿಯೂ ಬೇಕು. ಒಬ್ಬ ನಾಯಕನ ತಲೆ ಉರುಳಿದರೆ ಟಿವಿಯವರಿಗೆ ಒಂದು ವಾರದ ಸರಕು ಸಿಗುತ್ತದೆ, ಅಷ್ಟೆ. ಆದೇಶದಲ್ಲಿ ಯಾರಿಗೆ ಯಾಕೆ ವಿನಾಯಿತಿ ಎಂಬುದು ಮೊದಲೇ ಬಹಿರಂಗವಾಗಿರಬೇಕು. ಬೇಕಾದಾಗ ಮನೆಗೆಲಸದವಳೂ ಮಂತ್ರಿಯೂ ಅದನ್ನು ಒಂದೇ ಕೌಂಟರಿನಲ್ಲಿ ಕೇಳಿ ಪಡೆಯುವಂತಿರಬೇಕು. ಮಂತ್ರಿಗೆ ಆ ಸಾಲಿನಲ್ಲಿ ನಿಲ್ಲುವುದು ಕಷ್ಟವೆನಿಸಿದರೆ, ನಿಯಮ ತಿದ್ದಲು ಅದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.